ಬೇಯಿಸಿದ ಮಣ್ಣು

ಏಪ್ರಿಲ್ 6, ಭಾನುವಾರ

ಬಯ್ಯಲು ಯಾರೂ ಸಿಗದ ದಿನ ನಾನು ದಿನಚರಿ ಬರೆಯುತ್ತೇನೆ. ಇವತ್ತು ಬಯ್ಯಬೇಕಾದದ್ದು ನನ್ನನ್ನೇ, ಆದ್ದರಿಂದ ಸ್ವಲ್ಪ ಉದ್ದವಾದೀತು.

ಬೆಳಗ್ಗೆ ವಿಹಾರದ ಸಭೆ. ಹೋದ ಆಗಸ್ಟಿನ ಗಾಳಿಗೆ ನಮ್ಮ ಬುದ್ಧವಿಹಾರದ ಮುಂದಿನ ಅರಳಿಮರ ಬಿದ್ದದ್ದು ಇಡೀ ರಾಮಮೂರ್ತಿ ನಗರಕ್ಕೆ ಗೊತ್ತು. ಯಾಕೆಂದರೆ ಅದು ಬಿದ್ದದ್ದು ಟ್ರಾನ್ಸ್‌ಫಾರ್ಮರ್ ಮೇಲೆ. ಗರಗಸದವರು ಬಂದು ತುಂಡು ಮಾಡಿ ಸಾಗಿಸುವ ಮೊದಲು ಮುನಿರಾಜಪ್ಪನವರು ಹೆಬ್ಬೆರಳ ಗಾತ್ರದ ಒಂದಷ್ಟು ಕೊಂಬೆ ಕತ್ತರಿಸಿ, ಮರದ ಬುಡದ ಮಣ್ಣನ್ನೇ ಕುಂಡಗಳಿಗೆ ತುಂಬಿ ನೆಟ್ಟಿದ್ದರು. ಉಳಿದವೆಲ್ಲ ಒಣಗಿ, ಒಂದೇ ಒಂದು ಬೇರು ಬಿಟ್ಟಿತು. ಬಿದ್ದ ಮರವನ್ನು ನೆಟ್ಟವರೂ ಅವರೇ, ವಿಹಾರಕ್ಕಿನ್ನೂ ತಗಡಿನ ಮಾಡು ಇದ್ದ ಕಾಲದಲ್ಲಿ. ಬೀದಿಗೆಲ್ಲ ಅವರು ದೊಡ್ಡಪ್ಪ, ನನಗೂ.

ದೊಡ್ಡಪ್ಪನಿಗೆ ಈ ವಾರ ಸೊಂಟದ ಆಪರೇಷನ್. ಸಸಿಯನ್ನು ಬುದ್ಧಪೂರ್ಣಿಮೆಯ ದಿನ ಹಳೆಯ ಜಾಗದಲ್ಲಿ ನೆಡಬೇಕು. ಅಲ್ಲಿಯತನಕ ಸಾಕುವವರು ಯಾರು?

ಮರ ಹೋದ ಮೇಲೆ ಆ ಜಾಗದಲ್ಲಿ ಸ್ಕೂಟರುಗಳು ಸುಖವಾಗಿ ನೆಲೆಸಿವೆ. ಅದರಲ್ಲಿ ಮೊದಲನೆಯದು ಕಾರ್ಯದರ್ಶಿ ಸುಗತನದು. "ದೊಡ್ಡಪ್ಪಾ, ಸೆಂಟಿಮೆಂಟ್ ಬೇರೆ, ಪ್ರಾಕ್ಟಿಕಲ್ ಬೇರೆ. ಪೂರ್ಣಿಮೆ ದಿನ ಸಸಿ ಎಲೆ ಸಮೇತ ಇದ್ರೆ ನೆಡೋಣ. ಇಲ್ಲಾಂದ್ರೆ ಅಲ್ಲಿ ಪಾರ್ಕಿಂಗ್‌ಗೆ ಶೀಟ್ ಹಾಕ್ಸಿಬಿಡೋಣ. ಓಕೇನಾ?" ಎಂದ. ಎಲ್ಲರೂ ಕೈ ಎತ್ತಿದರು. ದೊಡ್ಡಪ್ಪನೂ ಎತ್ತಿದರು, ಅವರಿಗೆ ತಮ್ಮ ಸಸಿಯ ಮೇಲೆ ಅಷ್ಟು ಭರವಸೆ.

ಆಗ ನಾನು ಎದ್ದು ನಿಂತೆ. ಯಾರೂ ಕೇಳಿರಲಿಲ್ಲ. "ನನ್ ಕೈಗೆ ಕೊಡಿ. ನನ್ ಕೈಗೆ ಬಂದಿದ್ದು ಇದುವರೆಗೂ ಒಂದೂ ಕೆಟ್ಟಿಲ್ಲ" ಎಂದೆ.

ಸುಳ್ಳೇನಲ್ಲ. ಶಿವಾಜಿನಗರದ ಆಸ್ಪತ್ರೆಯೊಂದರಲ್ಲಿ ಆಪರೇಷನ್ ಸಾಮಾನನ್ನು ತೊಳೆದು, ಹಬೆಯಲ್ಲಿ ಬೇಯಿಸಿ, ಒಂದೇ ಒಂದು ಕ್ರಿಮಿಯೂ ಉಳಿಯದಂತೆ ಮಾಡಿ ಕಳಿಸುವ ವಿಭಾಗದ ಮೇಲ್ವಿಚಾರಕಿ ನಾನು. ಯಮುನಾ ಮುದ್ರೆ ಒತ್ತಿದ ಪೊಟ್ಟಣವನ್ನು ಸರ್ಜನ್‌ಗಳು ಕಣ್ಣು ಮುಚ್ಚಿ ಬಿಚ್ಚುತ್ತಾರೆ.

ಸಭೆ ಚಪ್ಪಾಳೆ ತಟ್ಟಿತು. ನನ್ನ ಗಂಡ ಈರೇಶ ಮಾತ್ರ ತಟ್ಟಲಿಲ್ಲ. ಮನೆಗೆ ಬರುವಾಗ, "ನಿನ್ಗೆ ಯಾಕ್ ಬೇಕಿತ್ತು? ನಮ್ಮನೇಲಿ ಮನಿಪ್ಲಾಂಟ್ ಕೂಡ ಬದುಕಿಲ್ಲ" ಎಂದ. ಅದಕ್ಕೆ ಉತ್ತರ ಕೊಡುವಷ್ಟು ಕೆಳಗೆ ನಾನು ಇಳಿಯಲಿಲ್ಲ.

ಏಪ್ರಿಲ್ 9, ಬುಧವಾರ

ಗಣ್ಯರು ನಮ್ಮ ಬಾಲ್ಕನಿಗೆ ಆಗಮಿಸಿದ್ದಾರೆ. ಮೊಣಕಾಲೆತ್ತರ, ಮೇಲೊಂದು ಹಿಡಿ ಹೃದಯಾಕಾರದ ಎಲೆಗಳು, ಪ್ರತಿ ಎಲೆಗೂ ಬಾಲದಂಥ ತುದಿ. ಗಾಳಿಯಿಲ್ಲದಿದ್ದರೂ ಅಲ್ಲಾಡುತ್ತವೆ, ಕಾರಣವಿಲ್ಲದೆ ತಲೆಯಾಡಿಸುವ ನಮ್ಮ ಸಭೆಯ ಸದಸ್ಯರಂತೆ.

ಎಲೆಗಳನ್ನು ಹತ್ತಿಯಲ್ಲಿ ಒರೆಸಿದೆ. ಕುಂಡದ ಹೊರಮೈಗೆ ಸ್ಪಿರಿಟ್ ಹಚ್ಚಿದೆ. ಆಮೇಲೆ ಕೈಗವಸು ಹಾಕಿಕೊಂಡು ಮಣ್ಣಿನ ಮೇಲ್ಪದರ ಸರಿಸಿ ನೋಡಿದೆ. 

ಬಿಳಿ ಎಳೆಗಳು! ಕೊಳೆತ ಎಲೆಚೂರಿನ ನಡುವೆ ಜೇಡರ ಬಲೆಯಂತೆ ಹಬ್ಬಿರುವ ಬಿಳಿ ಬೂಷ್ಟು. ಜೊತೆಗೆ ಒಂದು ಎರೆಹುಳು, ಎರಡು ಹೆಸರಿಲ್ಲದ ಕಾಲುಳ್ಳ ಜೀವಿಗಳು, ಮತ್ತು ಕೋಳಿಯ ಒಂದು ಪುಕ್ಕ. ಪುಕ್ಕದ ವಿಳಾಸ ನನಗೆ ಗೊತ್ತು. ವಿಹಾರದ ಅಂಗಳದ ಗೋಡೆಗೆ ಅಂಟಿಕೊಂಡ ಮಂಜುಳಮ್ಮನ ಹಿತ್ತಲು. ಆ ಕೋಳಿಗಳ ಮೇಲೆ, ಆ ತಿಪ್ಪೆಗುಂಡಿಯ ಮೇಲೆ ಹೋದ ವರ್ಷ ಪಾಲಿಕೆಗೆ ದೂರು ಕೊಟ್ಟವಳು ನಾನೇ. ಅಂದಿನಿಂದ ಆಕೆ ನನ್ನನ್ನು ಕಂಡರೆ ಸೆರಗು ಕೊಡವಿ ಹೋಗುತ್ತಾಳೆ.

ಇಂಥ ಮಣ್ಣಿನಲ್ಲಿ ದೊಡ್ಡಪ್ಪ ಮಗುವನ್ನು ಮಲಗಿಸಿದ್ದಾರಲ್ಲ!

ಏಪ್ರಿಲ್ 14, ಸೋಮವಾರ

ಇವತ್ತು ಜಯಂತಿ. ಆಸ್ಪತ್ರೆಯಲ್ಲಿ ತುರ್ತು ಕೇಸ್ ಬಿಟ್ಟರೆ ಆಪರೇಷನ್ ಇಲ್ಲ. ಸಂಜೆಯ ಮೆರವಣಿಗೆಗೆ ಮೊದಲು ಒಂದು ಐತಿಹಾಸಿಕ ಕಾರ್ಯ ಮುಗಿಸಿದೆ.

ಕುಂಡದ ಮಣ್ಣನ್ನೆಲ್ಲ ಚೀಲಕ್ಕೆ ತುಂಬಿ ಆಸ್ಪತ್ರೆಗೆ ಒಯ್ದೆ. ಹೊಸಬರಿಗೆ ಕೆಲಸ ಕಲಿಸಲೆಂದೇ ಇಟ್ಟಿರುವ ಹಳೆಯ ಪುಟ್ಟ ಆಟೋಕ್ಲೇವ್ ಒಂದಿದೆ. ಹಬೆಯ ಒತ್ತಡದಲ್ಲಿ ಬೇಯಿಸುವ ದೊಡ್ಡ ಕುಕ್ಕರ್ ಅಂದುಕೊಳ್ಳಿ. ರೋಗಿಗಳ ಸಾಮಾನು ಅದಕ್ಕೆ ಹೋಗುವುದಿಲ್ಲ, ಆದ್ದರಿಂದ ನನ್ನ ಆತ್ಮಸಾಕ್ಷಿ ಶುದ್ಧ. ಮಣ್ಣನ್ನು ಅದರಲ್ಲಿಟ್ಟು ಎರಡು ಸಲ ಬೇಯಿಸಿದೆ. ಒಂದು ಸಲ ಸಾಕಿತ್ತು. ಇನ್ನೊಂದು ಗಣ್ಯರಿಗೆ ಗೌರವ.

ಬಾಗಿಲು ತೆರೆದಾಗ ಇಡೀ ವಿಭಾಗದಲ್ಲಿ ಮಳೆಯ ವಾಸನೆ. ಸೆಕ್ಯೂರಿಟಿಯವನು ಹೊರಗೆ ಹೋಗಿ ಆಕಾಶ ನೋಡಿ ಬಂದ.

ಮನೆಯಲ್ಲಿ ಸಸಿಯ ಬೇರುಗಳನ್ನು ನಲ್ಲಿಯ ಕೆಳಗಿಟ್ಟು ಬಿಳಿಚುವತನಕ ತೊಳೆದೆ. ತಿಳಿಯಾದ ಆಂಟಿಸೆಪ್ಟಿಕ್ಕಿನಲ್ಲಿ ಅದ್ದಿದೆ. ಆರಿದ ಮಣ್ಣಿನಲ್ಲಿ ಕೂರಿಸಿದೆ. ಈಗ ಬೆಂಗಳೂರಿನಲ್ಲಿ ಇದರಷ್ಟು ಮಡಿಯಾದ ಅರಳಿಗಿಡ ಇನ್ನೊಂದಿಲ್ಲ. ಮೆರವಣಿಗೆಯಲ್ಲಿ ಹಗುರಾಗಿ ನಡೆದೆ.

ಏಪ್ರಿಲ್ 17, ಗುರುವಾರ

ದೊಡ್ಡಪ್ಪ ನಮ್ಮ ಆಸ್ಪತ್ರೆಯಲ್ಲೇ ಇದ್ದಾರೆ. ಅವರ ಸೊಂಟಕ್ಕೆ ಹೋದ ಸಾಮಾನೆಲ್ಲ ನನ್ನ ಮುದ್ರೆಯದು. ಹೊಲಿಗೆ ಚೊಕ್ಕವಾಗಿ ಕೂಡುತ್ತಿದೆ.

"ನಮ್ಮ ಸಸಿ ಹೆಂಗಿದೆಯಮ್ಮ?"

"ನಿಮಗಿಂತ ಚೆನ್ನಾಗಿದೆ ದೊಡ್ಡಪ್ಪ."

"ಮಣ್ಣು ಮುಟ್ಟಿ ನೋಡಿ ನೀರು ಹಾಕ್ತಿದೀಯ ತಾನೆ?"

"ಹೂಂ" ಎಂದೆ. ಮುಟ್ಟಿಯೇ ನೋಡುತ್ತೇನೆ. ಕೈಗವಸಿನ ವಿಷಯ ಅವರು ಕೇಳಲಿಲ್ಲ.

ಏಪ್ರಿಲ್ 21, ಸೋಮವಾರ

ಕೆಳಗಿನ ಎರಡು ಎಲೆ ಹಳದಿ. ಮೂರನೆಯದರ ಅಂಚಿನಲ್ಲಿ ನೇರಳೆ ಛಾಯೆ. ಬಿಸಿಲಿನದೇ ಇರಬೇಕು. ನೀರು ಹೆಚ್ಚಿಸಿದೆ. ಹೊಸ ತಿಪ್ಪಸಂದ್ರದ ಅಂಗಡಿಯಿಂದ ಗೊಬ್ಬರ ತಂದು ಒಂದು ಚಮಚ ಹಾಕಿದೆ, ಸಾಲದೆಂದು ಇನ್ನೊಂದು.

ನಮ್ಮ ಆಸ್ಪತ್ರೆಯ ಮೂರನೇ ಮಹಡಿಯ ಹೊರಗೋಡೆಯ ಬಿರುಕಿನಲ್ಲಿ ಒಂದು ಅರಳಿ ತಾನಾಗಿ ಹುಟ್ಟಿದೆ. ಮಣ್ಣಿಲ್ಲ, ಗೊಬ್ಬರವಿಲ್ಲ, ಸಭೆಯಿಲ್ಲ, ನಿರ್ಣಯವಿಲ್ಲ. ವರ್ಷಕ್ಕೆರಡು ಸಲ ಕತ್ತರಿಸುತ್ತಾರೆ, ಮತ್ತೆ ಚಿಗುರುತ್ತದೆ. ಇವತ್ತು ಡ್ಯೂಟಿಗೆ ಹೋಗುವಾಗ ಅದು ನನ್ನನ್ನು ನೋಡಿ ತಲೆಯಾಡಿಸಿದ ರೀತಿ ನನಗೆ ಹಿಡಿಸಲಿಲ್ಲ.

ಏಪ್ರಿಲ್ 23, ಬುಧವಾರ

ನಾಲ್ಕು ಎಲೆ ಉದುರಿವೆ. ಕುಂಡದಿಂದ ಹುಳಿ ವಾಸನೆ.

ಈರೇಶ ಉದುರಿದ ಎಲೆಗಳನ್ನು ಹೆಕ್ಕಿ ಕಸದ ಡಬ್ಬಿಗೆ ಹಾಕಿದ. ಅದಕ್ಕೇ ಹೆದರಿಕೆಯಾಗುತ್ತಿದೆ.

ಏಪ್ರಿಲ್ 25, ಶುಕ್ರವಾರ

ಊಟದ ವೇಳೆಗೆ ಲ್ಯಾಬಿನ ತಾಹೇರಾಳ ಬಳಿ ಹೋದೆ. ಫ್ರೇಜರ್ ಟೌನಿನ ಹುಡುಗಿ, ನಮ್ಮ ಮೈಕ್ರೋಬಯಾಲಜಿಸ್ಟ್. ರೋಗಾಣುಗಳನ್ನು ಬೆಳೆಸಿ ಹೆಸರು ಹಿಡಿಯುವುದು ಅವಳ ಕೆಲಸ, ಕೊಲ್ಲುವುದು ನನ್ನದು. ಆ ಮಟ್ಟಿಗೆ ನಾವು ನೆಂಟರು. ಒಂದು ಡಬ್ಬಿಯಲ್ಲಿ ಸಸಿಯ ಬೇರಿನ ತುಂಡು ಒಯ್ದಿದ್ದೆ. ಅವಳು ಮೂಸಿದಳು.

"ಅರೇ ಯಮುನಾಕ್ಕ, ಇದು ಕೊಳೀತಾ ಇದೆ. ಯಾವ ಮಣ್ಣಲ್ಲಿತ್ತು?"

ಹೇಳಿದೆ. ಬೇಯಿಸಿದ್ದು, ತೊಳೆದದ್ದು, ಅದ್ದಿದ್ದು, ಎಲ್ಲ ಕ್ರಮವಾಗಿ, ಸ್ವಲ್ಪ ಹೆಮ್ಮೆಯಿಂದಲೇ. ತಾಹೇರಾ ತುತ್ತನ್ನು ಟಿಫಿನ್ ಡಬ್ಬಿಗೆ ವಾಪಸ್ ಇಟ್ಟಳು.

"ಮಣ್ಣು... ಆಟೋಕ್ಲೇವ್ ಮಾಡಿದ್ರಿ?"

"ಎರಡು ಸಲ."

"ಯಾ ಅಲ್ಲಾಹ್."

ಅವಳ ಎಂಎಸ್ಸಿ ಪ್ರಬಂಧ ಇದೇ ವಿಷಯವಂತೆ, ಬೇರಿನೊಳಗೆ ಬಾಳುವ ಶಿಲೀಂಧ್ರ, ಮೈಕೊರೈಜಾ. ಅದನ್ನು ಓದಿದವರಿಗೆ ಯಾರೂ ಕೆಲಸ ಕೊಡದೆ, ಇಲ್ಲಿ ಕಫ ಪರೀಕ್ಷೆಗೆ ಬಂದಳು. ಬೇರನ್ನು ಕ್ಷಾರದಲ್ಲಿ ಕಾಯಿಸಿ, ಪೆನ್ನಿನ ನೀಲಿ ಇಂಕು, ವಿನಿಗರ್ ಬೆರೆಸಿ ಬಣ್ಣ ಹಿಡಿಸಿ, ಸಂಜೆ ಸೂಕ್ಷ್ಮದರ್ಶಕದಲ್ಲಿ ತೋರಿಸಿದಳು. ಬೋಳು. ಖಾಲಿ ಬಾಡಿಗೆ ಮನೆಗಳ ಸಾಲಿನಂಥ ಜೀವಕೋಶಗಳು. ಒಂದು ಬದಿಯಿಂದ ಮಾತ್ರ ಯಾರೋ ಗೋಡೆ ಒಡೆದು ನುಗ್ಗುತ್ತಿರುವ ಗುರುತು.

"ಗಿಡದ ಬೇರು ಹೋಗಕ್ಕಾಗ್ದಿರೋ ಸಂದೀಗೆಲ್ಲ ಈ ಶಿಲೀಂಧ್ರ ಎಳೆ ಚಾಚಿ ರಂಜಕ ತರುತ್ತೆ, ನೀರು ತರುತ್ತೆ. ಗಿಡ ಅದಕ್ಕೆ ಸಕ್ಕರೆ ಕೊಡುತ್ತೆ. ಇಬ್ಬರ ಸಂಸಾರ ಅಕ್ಕ ಅದು. ಜೊತೆಗೆ ಸುತ್ತ ಕೋಟ್ಯಂತರ ಬ್ಯಾಕ್ಟೀರಿಯಾ, ಕಾವಲಿಗೆ. ನೀವು ಊರಿಗೂರೇ ಖಾಲಿ ಮಾಡಿದ್ರಿ. ಖಾಲಿ ಊರಿಗೆ ಮೊದ್ಲು ಬರೋರು ಯಾರು? ಕಳ್ಳರು. ಕೊಳೆರೋಗ ಬಂತು."

"ಆದ್ರೆ ಆ ಬಿಳೀ ಬೂಷ್ಟು?"

"ಅದು ಒಣಗಿದ ಎಲೆ ತಿನ್ನೋ ಪಾಪದ್ದು. ನಾನು ಹೇಳ್ತಿರೋದು ಕಣ್ಣಿಗೇ ಕಾಣಲ್ಲ."

ಅಂದರೆ ಕಂಡವನ ಮೇಲಿನ ಅನುಮಾನಕ್ಕೆ ಕಾಣದವರನ್ನೆಲ್ಲ ಕೊಂದಿದ್ದೇನೆ. ಬಲವಾದ ಆಂಟಿಬಯಾಟಿಕ್ ಕೊಟ್ಟ ಮೇಲೆ ರೋಗಿಯ ಹೊಟ್ಟೆಯೊಳಗೆ ಕೆಟ್ಟ ಕ್ರಿಮಿಯೊಂದೇ ಮೆರೆಯುವುದನ್ನು ಕುರಿತು ಹೋದ ತಿಂಗಳು ಹೊಸ ನರ್ಸ್‌ಗಳಿಗೆ ಪಾಠ ಮಾಡಿದವಳು ನಾನು. ಚಿತ್ರ ಬರೆದು ಪಾಠ ಮಾಡಿದ್ದೆ.

"ಬದುಕುತ್ತಾ?"

"ಗೊತ್ತಿಲ್ಲ."

"ಗೋಡೆ ಬಿರುಕಲ್ಲಿ ಅರಳಿ ಹಂಗೇ ಬದುಕುತ್ತಲ್ಲ, ಅದು ಹೆಂಗೆ?"

"ಅದೂ ಪೂರ್ತಿ ಗೊತ್ತಿಲ್ಲ ಅಕ್ಕ. ಆದ್ರೆ ಅದನ್ನ ಯಾರೂ ಬೇಯಿಸಿಲ್ಲ."

ಬೇಕಾದದ್ದು ಜೀವವಿರುವ ಮಣ್ಣು, ಅದೂ ಹಳೆಯ ಮರದ ಬೇರು ಹರಿದಿದ್ದ ಕಡೆಯದು, ಮತ್ತು ಅಲ್ಲಿ ಈಗಲೂ ಗಿಡ ಬೆಳೆಯುತ್ತಿರಬೇಕು. ಮರದ ಗುಂಡಿಯನ್ನು ಸುಗತ ಕಟ್ಟಡದ ಕಸ, ಎಂ-ಸ್ಯಾಂಡ್ ಹಾಕಿ ಮುಚ್ಚಿಸಿದ್ದಾನೆ. ಬೇರುಗಳು ಇನ್ನೆಲ್ಲಿಗೆ ಹೋಗಿದ್ದವು ಎಂದು ಯೋಚಿಸಿದೆ. ಉತ್ತರ ಹೊಳೆದಾಗ ಊಟ ಸೇರಲಿಲ್ಲ. ಅಂಗಳದ ಗೋಡೆಯ ಕೆಳಗೆ. ಮಂಜುಳಮ್ಮನ ಹಿತ್ತಲಿಗೆ.

ಏಪ್ರಿಲ್ 27, ಭಾನುವಾರ

ಚೀಲ, ಕರಣೆ ಹಿಡಿದು ಮಂಜುಳಮ್ಮನ ಗೇಟಿನ ಮುಂದೆ ನಿಂತೆ. ಮೊದಲು ಕೋಳಿಗಳು ಬಂದವು. ಆಮೇಲೆ ಆಕೆ.

"ಬನ್ನಿ ಬನ್ನಿ. ಎಣಿಸಕ್ಕೆ ಬಂದ್ರಾ? ಹೋದ್ಸಲ ನಿಮ್ ಇನ್ಸ್‌ಪೆಕ್ಟ್ರು ಬಂದು ಎಣಿಸ್ದ. ಪಾಪ, ಅವು ನಿಲ್ಲಲೇ ಇಲ್ಲ. ಕೊನೆಗೆ ನನ್ನನ್ನೂ ಸೇರಿಸ್ಕೊಂಡು ಬರ್ಕೊಂಡು ಹೋದ."

"ಮಂಜುಳಮ್ಮ, ಸ್ವಲ್ಪ ಮಣ್ಣು ಬೇಕಿತ್ತು."

"ಯಾವ್ದು, ಈ ಕೊಳಕು ಮಣ್ಣಾ?"

"ಅದೇ."

"ಯಾಕೆ, ಲ್ಯಾಬಿಗೆ ಕಳ್ಸಿ ಇನ್ನೊಂದ್ ಕಂಪ್ಲೇಂಟ್ ಹಾಕಕ್ಕಾ?"

ಹೇಳಲೇಬೇಕಾಯಿತು. ಸಸಿ ಸಾಯುತ್ತಿದೆ ಎಂದೆ. ಆ ಮರದ ಬೇರು ನಿಮ್ಮ ಹಿತ್ತಲಲ್ಲಿತ್ತು, ಅದರ ಜೊತೆಗಾರರು ಇಲ್ಲಿ ಉಳಿದಿರಬಹುದು ಎಂದೆ. ಬೇಯಿಸಿದ ಭಾಗವನ್ನು ಮಾತ್ರ ಬಿಟ್ಟೆ. ಆಕೆ ನನ್ನ ಕೈಗವಸುಗಳನ್ನು ನೋಡಿದಳು.

"ಆ ಮರದ ಎಲೆ ಉದುರಿ ಉದುರಿ ನನ್ ತಿಪ್ಪೆ ತುಂಬ್ತಿತ್ತು. ಅದು ಬಿದ್ದ ದಿನ ನಾನು ಉಂಡಿಲ್ಲ" ಎಂದಳು. ಆಮೇಲೆ ಸೆರಗು ಸಿಕ್ಕಿಸಿ, "ಮಣ್ಣು ಕೊಡ್ತೀನಿ. ಊಟ ಮಾಡ್ಕೊಂಡು ಹೋಗ್ಬೇಕು. ನನ್ ಹಿತ್ತಲ ಸೊಪ್ಪು. ಒಲ್ಲೆ ಅಂದ್ರೆ ಚೀಲ ಮಡಚ್ಕೊಂಡು ನಡೀರಿ."

ಮದುವೆಮನೆಗೂ ಮನೆಯ ನೀರನ್ನೇ ಒಯ್ಯುವವಳು ನಾನು. ಒಂದು ಕೋಳಿ ಹೊಸ್ತಿಲ ಮೇಲೆ ಕೂತು ನನ್ನ ತೀರ್ಮಾನಕ್ಕೆ ಕಾಯುತ್ತಿತ್ತು. ಕೈಗವಸು ಬಿಚ್ಚಿದೆ. ಮುದ್ದೆ, ಬಸ್ಸಾರು. ಮೊದಲ ತುತ್ತನ್ನು ಹುತಾತ್ಮಳಂತೆ ನುಂಗಿದೆ. ಎರಡನೆಯ ಮುದ್ದೆಯನ್ನು ನಾನೇ ಕೇಳಿದೆನೆಂದು ಮಂಜುಳಮ್ಮ ಹೇಳುತ್ತಾಳೆ; ನನಗೆ ಸರಿಯಾಗಿ ನೆನಪಿಲ್ಲ.

ಗೋಡೆಯ ಬುಡದ ಕನಕಾಂಬರದ ಪಾತಿಯಿಂದ ಮಣ್ಣು ತುಂಬಿಕೊಟ್ಟಳು, ಬೇರುಸಮೇತ ಎರಡು ಗಿಡವನ್ನೂ ಕಿತ್ತುಕೊಟ್ಟಳು. ಮನೆಗೆ ಬಂದು ಸಸಿಯ ಕೊಳೆತ ಬೇರುಗಳನ್ನು ಕತ್ತರಿಸಿದೆ. ಉಳಿದದ್ದು ಹಿಡಿಯಷ್ಟೂ ಇಲ್ಲ. ಬೇಯಿಸಿದ ಮಣ್ಣನ್ನು ಎಸೆದು, ಈ ಮಣ್ಣಿನಲ್ಲಿ ಕೂರಿಸಿದೆ. ಪಕ್ಕದಲ್ಲೇ ಒಂದು ಕನಕಾಂಬರ. ಗೊಬ್ಬರ ಬಂದ್, ನೀರು ಕಮ್ಮಿ, ತಾಹೇರಾಳ ಆಜ್ಞೆ.

ಏಪ್ರಿಲ್ 28, ಸೋಮವಾರ

ಕನಕಾಂಬರದ ಬೇರಿನ ತುಂಡಿಗೂ ತಾಹೇರಾ ನೀಲಿ ಇಂಕು ಹಿಡಿಸಿದಳು. "ನೋಡಿ" ಎಂದು ಜಾಗ ಬಿಟ್ಟಳು.

ಪ್ರತಿ ಕೋಶದೊಳಗೂ ಒಂದು ಮರ. ಕಾಂಡ, ಕೊಂಬೆ, ಕೊಂಬೆಗೆ ಕೊಂಬೆ, ಧೂಳಿನ ಕಣಕ್ಕಿಂತ ಸಣ್ಣ ನೀಲಿ ಮರಗಳ ತೋಪು. ಶಿಲೀಂಧ್ರವೂ ಗಿಡವೂ ಕೊಟ್ಟು ತೆಗೆದುಕೊಳ್ಳುವ ಜಾಗವಂತೆ ಅದು. ಇಷ್ಟು ವರ್ಷ ಈ ಕಟ್ಟಡದಲ್ಲಿ ಸೂಕ್ಷ್ಮಜೀವಿಗಳಿಗೆ ಮರಣದಂಡನೆ ಕೊಡುತ್ತಾ ಬಂದಿದ್ದೇನೆ, ಒಮ್ಮೆಯೂ ಮುಖ ನೋಡಿರಲಿಲ್ಲ.

"ನಮ್ಮ ಸಸಿಗೆ ಇದು ಯಾವಾಗ ಬರುತ್ತೆ?"

"ಮೂರು ವಾರ, ನಾಲ್ಕು ವಾರ. ಬೇರು ಅಲ್ಲೀವರೆಗೂ ಉಳಿದ್ರೆ."

ಪೂರ್ಣಿಮೆಗೆ ಅಷ್ಟು ವಾರವಿಲ್ಲ.

ಮೇ 2, ಶುಕ್ರವಾರ

ದೊಡ್ಡಪ್ಪ ಮನೆಗೆ ಬಂದಿದ್ದಾರೆ, ವಾಕರ್ ಹಿಡಿದು. ಬಂದೊಡನೆ ಫೋನ್. "ಸಸಿ ತಗೊಂಡ್ಬಾರಮ್ಮ, ಒಂದ್ಸಲ ಮುಟ್ಬೇಕು."

"ಬಿಸಿಲಲ್ಲಿ ಆಟೋದಲ್ಲಿ ಕುಲುಕಿದ್ರೆ ಒಳ್ಳೇದಲ್ಲ ದೊಡ್ಡಪ್ಪ. ಪೂರ್ಣಿಮೆಗೆ ನೋಡುವಿರಂತೆ."

"ಎಲೆ ಎಷ್ಟಿವೆ?"

"ಇವೆ" ಎಂದೆ. ಎರಡು ಇವೆ.

ಮೇ 7, ಬುಧವಾರ

ಒಂದು ಬೆಳಗ್ಗೆ ಬಿತ್ತು. ಇನ್ನೊಂದು ನಾನು ನೋಡುತ್ತಿರುವಾಗಲೇ.

ಮೇ 8, ಗುರುವಾರ

ಡ್ಯೂಟಿಯಿಂದ ಬಂದಾಗ ಬಾಲ್ಕನಿಯಲ್ಲಿ ಎರಡು ಕುಂಡ. ಒಂದರಲ್ಲಿ ನಮ್ಮ ಕಡ್ಡಿ. ಇನ್ನೊಂದರಲ್ಲಿ ಅದೇ ಎತ್ತರದ, ಎಣ್ಣೆ ಹಚ್ಚಿದಂತೆ ಹೊಳೆಯುವ, ಮೈತುಂಬ ಎಲೆಯ ಅರಳಿ.

"ಹಲಸೂರು ನರ್ಸರೀದು. ಅರಳಿ ಅಂದ್ರೆ ಅರಳಿ ಕಣೇ. ಯಾರಿಗ್ ಗೊತ್ತಾಗುತ್ತೆ?" ಎಂದ ಈರೇಶ.

"ನಂಗೆ."

"ನೀನು ಕಮಿಟಿ ಮೆಂಬರ್ ಅಲ್ವಲ್ಲ."

ನಗಬೇಕಿತ್ತು. ಆಗಲಿಲ್ಲ. "ನೋಡು, ಕಡ್ಡಿ ತಗೊಂಡೋದ್ರೆ ಮರಾನೇ ಇಲ್ಲ, ಶೀಟ್ ಬರುತ್ತೆ. ಇದನ್ನ ತಗೊಂಡೋದ್ರೆ ಮರ ಇರುತ್ತೆ, ನೆರಳಿರುತ್ತೆ, ದೊಡ್ಡಪ್ಪ ಖುಷಿಯಾಗಿರ್ತಾರೆ. ಇದ್ರಲ್ಲಿ ಯಾರಿಗೆ ಏನ್ ಮೋಸ ಹೇಳು?" ಎಂದ. ಫ್ಯಾಕ್ಟರಿಯ ಸ್ಟಾಫ್ ಬಸ್ ಓಡಿಸುವವನು. ಟಿನ್ ಫ್ಯಾಕ್ಟರಿ ಸರ್ಕಲ್ಲಿನ ಜಾಮಿನಲ್ಲೂ ಎಲ್ಲಿ ಸಂದಿಯಿದೆಯೋ ಅಲ್ಲಿ ನುಗ್ಗಿಸುತ್ತಾನೆ. ವಾದದಲ್ಲೂ ಹಾಗೆಯೇ. 

ಮಂಜುಳಮ್ಮನ ಮನೆಗೆ ಹೋಗಿ ಬಂದೆ. ಈ ವಾರದಲ್ಲಿ ಎರಡನೆಯ ಸಲ. ಆಕೆ ಹುರುಳಿಕಾಯಿ ಬಿಡಿಸುತ್ತಿದ್ದಳು, ನಾನೂ ಬಿಡಿಸಿದೆ. 

ಮೇ 11, ಭಾನುವಾರ

ನಾಳೆ.

ಮಧ್ಯಾಹ್ನ ಎರಡೂ ಕುಂಡಗಳ ಮುಂದೆ ಕುಕ್ಕರುಗಾಲಲ್ಲಿ ಕೂತೆ. ನರ್ಸರಿಯದು ನಕ್ಷತ್ರಿಕನಂತೆ ಕಾಡುವುದಿಲ್ಲ, ಸುಮ್ಮನೆ ಚೆಲುವಾಗಿ ನಿಂತಿದೆ. ನಮ್ಮದರ ಬುಡದಲ್ಲಿ ಕನಕಾಂಬರ ಹೂ ಬಿಟ್ಟಿದೆ, ಹೆಣದ ಪಕ್ಕ ಹೂವಿಟ್ಟಂತೆ. ಕಡ್ಡಿ ಸತ್ತಿದೆಯೋ ಬದುಕಿದೆಯೋ ತೊಗಟೆ ಕೆರೆದು ನೋಡಬಹುದು ಎಂದಿದ್ದಳು ತಾಹೇರಾ. ಉಗುರಿಟ್ಟೆ. ಕೆರೆಯಲಿಲ್ಲ. ಒಣಗಿದ್ದರೆ? ಒಣಗಿದ್ದು ಗೊತ್ತಾದರೆ ನರ್ಸರಿಯದನ್ನು ಎತ್ತಿಕೊಂಡು ಹೋಗುತ್ತೇನೆಂದು ನನಗೆ ಖಾತರಿಯಿತ್ತು. ಗೊತ್ತಾಗದಿದ್ದರೆ ಏನು ಮಾಡುತ್ತೇನೆಂದು ಗೊತ್ತಿಲ್ಲ. ಆದ್ದರಿಂದ ಉಗುರು ತೆಗೆದೆ.

ಸುಗತ ಮೆಸೇಜ್ ಕಳಿಸಿದ್ದಾನೆ, "ಯಮುನಕ್ಕ, ಶೀಟಿನವರಿಗೆ ಏನ್ ಹೇಳ್ಲಿ?" ಕೊನೆಗೆ ನಗುವ ಮುಖ.

ಮೇ 12, ಸೋಮವಾರ. ಪೂರ್ಣಿಮೆ

ಈಗ ಮನೆಗೆ ಬಂದು ಕೂತಿದ್ದೇನೆ. ಬರೆಯುತ್ತೇನೆ.

ಕಡ್ಡಿಯ ಕುಂಡವೊಂದನ್ನೇ ಆಟೋಗೆ ಇಟ್ಟಿದ್ದೆ. ಇಳಿಯುವಾಗ ನೋಡಿದರೆ ಹಿಂದಿನ ಸೀಟಿನ ಸಂದಿಯಿಂದ ಈರೇಶ ಎರಡನೆಯದನ್ನೂ ಇಳಿಸುತ್ತಿದ್ದಾನೆ. "ಸೇಫ್ಟಿಗೆ" ಎಂದ.

ವಂದನೆ ಮುಗಿದಿತ್ತು. ಗುಂಡಿಯಿಂದ ಕಸ, ಎಂ-ಸ್ಯಾಂಡ್ ತೆಗೆಸಿ, ಮಂಜುಳಮ್ಮನ ಹಿತ್ತಲ ಮಣ್ಣು ತುಂಬಿಟ್ಟಿದ್ದರು. ಅದಕ್ಕೆ ಮಾತ್ರ ಸುಗತನನ್ನು ಮೊದಲೇ ಒಪ್ಪಿಸಿದ್ದೆ. ಜನ ಬಿಳಿ ಬಟ್ಟೆಯಲ್ಲಿ ಸುತ್ತ ನಿಂತಿದ್ದರು. ದೊಡ್ಡಪ್ಪ ವಾಕರ್ ಹಿಡಿದು ಬಂದರು. ಅವರ ಕಣ್ಣಿನ ಪೊರೆಯ ಆಪರೇಷನ್ ಇನ್ನೂ ಬಾಕಿ. ಎರಡು ಕುಂಡಗಳ ಮುಂದೆ ನಿಂತು, ಬಗ್ಗಿ, ನರ್ಸರಿಯ ಎಲೆಗಳನ್ನು ಒಂದೊಂದಾಗಿ ಸವರಿದರು. ಅವರ ಮುಖ ಅರಳಿತು.

"ಎಷ್ಟ್ ಚೆನ್ನಾಗ್ ಸಾಕಿದೀಯ ಕಣಮ್ಮ."

ಈರೇಶ ನನ್ನ ಮೊಣಕೈ ತಿವಿದ. ಸುಗತನೂ, "ಪರ್ವಾಗಿಲ್ಲಕ್ಕ, ಗೆದ್ಬಿಟ್ರಿ" ಎಂದ. ನಾನು ಏನೂ ಮಾಡಬೇಕಾಗಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು.

"ಅದು ನಮ್ದಲ್ಲ ದೊಡ್ಡಪ್ಪ. ನಮ್ದು ಇದು."

ಅವರ ಕೈ ಹಿಡಿದು ಕಡ್ಡಿಯ ಮೇಲಿಟ್ಟೆ. ಬೆರಳುಗಳು ಮೇಲಿನಿಂದ ಕೆಳಗೆ ಹೋದವು, ಮತ್ತೆ ಮೇಲೆ ಬಂದವು, ಎಲೆ ಹುಡುಕುತ್ತಾ.

"ಏನಾಯ್ತು?"

"ಮಣ್ಣು ಬೇಯಿಸ್ದೆ. ಆಸ್ಪತ್ರೆ ಮಿಷನ್ನಲ್ಲಿ. ಕ್ರಿಮಿ ಸಾಯ್ಲಿ ಅಂತ. ಎಲ್ಲಾ ಸತ್ತೋಯ್ತು."

 ಮಂಜುಳಮ್ಮ ಗೋಡೆಯಾಚೆಯಿಂದ, "ಮಣ್ಣು ಬೇಯಿಸಿದ್ರಾ? ಉಪ್ಪು ಹಾಕಿದ್ರಾ?" ಎಂದು ಕೇಳಿದಳು. ಯಾರೋ ನಕ್ಕರು, ಆಮೇಲೆ ಹಲವರು. ದೊಡ್ಡಪ್ಪ ನಗಲಿಲ್ಲ.

"ನಿರ್ಣಯದಲ್ಲಿ ಎಲೆ ಸಮೇತ ಅಂತಿದೆ" ಎಂದ ಸುಗತ, ಆದರೆ ದನಿ ಸಣ್ಣದಾಗಿತ್ತು.

"ನಿನ್ ಸ್ಕೂಟರ್ಗೂ ಎಲೆಯಿಲ್ಲ, ನಿಲ್ಸಿಲ್ವೇನಪ್ಪ ಅಲ್ಲಿ?" ಗೋಡೆಯಾಚೆಯಿಂದಲೇ.

ದೊಡ್ಡಪ್ಪ ಕುರ್ಚಿ ಕೇಳಿ ಕೂತರು. ಕಡ್ಡಿಯ ಬುಡದ ಹತ್ತಿರ ಹೆಬ್ಬೆರಳ ಉಗುರಿಟ್ಟು ಕೆರೆದರು. "ನಂಗೆ ಕಾಣಲ್ಲ. ನೋಡ್ರೋ ಯಾರಾದ್ರೂ."

ಎಲ್ಲರಿಗಿಂತ ಹತ್ತಿರವಿದ್ದವನು ಸುಗತ. ಬಗ್ಗಿದ.  ಮೊಬೈಲ್ ಟಾರ್ಚ್ ಹಾಕಿ ಮತ್ತೆ ನೋಡಿದ. ಇಲ್ಲ ಎಂದು ಹೇಳಿ ಎದ್ದುಬಿಟ್ಟಿದ್ದರೆ ಯಾರೂ ಪರೀಕ್ಷಿಸುತ್ತಿರಲಿಲ್ಲ. 

"ಹಸಿರಿದೆ" ಎಂದ. "ಚೂರೇ ಚೂರು. ಆದ್ರೆ ಇದೆ."

ಆಷಾಢ ಪೂರ್ಣಿಮೆಯವರೆಗೆ ಗಡುವು ಎಂದು ತೀರ್ಮಾನವಾಯಿತು. ಆಗಲೂ ಚಿಗುರದಿದ್ದರೆ ಶೀಟು. ಸುಗತ ತನ್ನ ಸ್ಕೂಟರನ್ನು ತಾನೇ ತಳ್ಳಿಕೊಂಡು ಹೋಗಿ ಚರಂಡಿಯ ಪಕ್ಕ ನಿಲ್ಲಿಸಿದ.

ನಾನು ದೊಡ್ಡಪ್ಪನ ಮುಂದೆ ತಲೆತಗ್ಗಿಸಿ ನಿಂತಿದ್ದೆ.

"ನಿನ್ ಮೇಲೆ ಬಹಳ ಸಿಟ್ಟಿದೆ" ಎಂದರು. "ಅದನ್ನ ಆಮೇಲ್ ನೋಡ್ಕೋತೀನಿ. ಇದು ಬದುಕಿದ್ರೆ ಬೈತೀನಿ. ಸತ್ರೆ ಬೈದೇನ್ ಪ್ರಯೋಜನ. ಮೊದ್ಲು ನೆಡು."

ನೆಟ್ಟೆ. ತಂಬಿಗೆಗಳಲ್ಲಿ ನೀರು ಹಿಡಿದು ಸಾಲಾಗಿ ಬಂದವರನ್ನು ತಡೆಯುವುದೇ ದೊಡ್ಡ ಯುದ್ಧವಾಯಿತು. ಅಷ್ಟೂ ಭಕ್ತಿಯನ್ನು ಸುರಿದಿದ್ದರೆ ಇದ್ದ ಬೇರೂ ಕೊಳೆಯುತ್ತಿತ್ತು. ಉಳಿದ ನೀರನ್ನೆಲ್ಲ ಮಂಜುಳಮ್ಮನ ಸೊಪ್ಪಿನ ಪಾತಿಗೆ ಹಾಯಿಸಿದೆ.

ಮೇ 19, ಸೋಮವಾರ

ಊರೆಲ್ಲ ಮಳೆ. ಕೆ.ಆರ್. ಪುರದ ಕಡೆ ರಸ್ತೆಗಳೇ ಕಾಣುತ್ತಿಲ್ಲವಂತೆ. ವಿಹಾರಕ್ಕೆ ಹೋದರೆ ಸುಗತ ಕೊಡೆ ಹಿಡಿದು, ಪ್ಯಾಂಟು ಮಡಚಿ, ಕಡ್ಡಿಯ ಬುಡದಿಂದ ನೀರು ಹೋಗಲು ಕಾಲುವೆ ತೋಡುತ್ತಿದ್ದ. "ಸುಮ್ನೆ ಈ ಕಡೆ ಬಂದಿದ್ದೆ ಅಕ್ಕ" ಎಂದ. ಗುದ್ದಲಿಯನ್ನೂ ಸುಮ್ಮನೆ ತಂದಿದ್ದನಂತೆ.

ಕಡ್ಡಿ ಕಡ್ಡಿಯಂತೆಯೇ ಇದೆ.

ಜೂನ್ 1, ಭಾನುವಾರ

ಏನೂ ಇಲ್ಲ.

ದೊಡ್ಡಪ್ಪ ಎದುರು ಸಿಕ್ಕರು. "ಊಟ ಆಯ್ತೇನಮ್ಮ" ಎಂದು ಮೆತ್ತಗೆ ಕೇಳಿ ಮುಂದೆ ಹೋದರು. ಆ ಮೆತ್ತನೆಯ ದನಿಗಿಂತ ಬೈದಿದ್ದರೆ ಚೆನ್ನಾಗಿತ್ತು.

ಜೂನ್ 8, ಭಾನುವಾರ

ಬೆಳಗ್ಗೆ ಮಂಜುಳಮ್ಮನ ಹಿತ್ತಲಲ್ಲಿ ಕೂತು ಈ ವಾರದ ಸೊಪ್ಪು ಆರಿಸುತ್ತಿದ್ದೆ, ಕೋಳಿಯೊಂದು ಮಡಿಲಿಗೆ ಬಂದು ಕೂತಿತ್ತು. ಗೋಡೆಯಾಚೆಯಿಂದ ನನ್ನ ಹೆಸರು ಕೇಳಿಸಿತು. ದನಿ ಎಷ್ಟು ಗಟ್ಟಿಯಾಗಿತ್ತೆಂದರೆ ಕೋಳಿ ಹಾರಿತು.

"ಯಮುನಾ! ಎಲ್ಲಿದಾಳೆ ಅವ್ಳು? ಕರೀರಿ ಇಲ್ಲಿಗೆ!"

ಓಡಿದೆ. ಚಪ್ಪಲಿ ಹಿತ್ತಲಲ್ಲೇ ಉಳಿಯಿತು. ದೊಡ್ಡಪ್ಪ ಕಡ್ಡಿಯ ಮುಂದೆ ವಾಕರ್ ಊರಿ ನಿಂತಿದ್ದರು. ಅವರ ಹೆಬ್ಬೆರಳು, ತೋರುಬೆರಳ ನಡುವೆ, ತಾಮ್ರದ ಬಣ್ಣದ, ಇನ್ನೂ ಪೂರ್ತಿ ಬಿಚ್ಚದ ಒಂದು ಎಲೆ. ಅದರ ಕೆಳಗೆ ಇನ್ನೊಂದು ಮೊಗ್ಗು.

"ಹತ್ರ ಬಾ" ಎಂದರು.

ಹೋದೆ.

"ಬುದ್ಧಿ ಇದೆಯಾ ನಿಂಗೆ? ಮಣ್ಣು ಏನ್ ಇಡ್ಲಿ ಹಿಟ್ಟಾ ಹಬೇಲಿಡಕ್ಕೆ? ಒಂದ್ ಮಾತ್ ಕೇಳ್ಬೇಕು ಅನ್ನಿಸ್ಲಿಲ್ವಾ? ಆಸ್ಪತ್ರೇಲಿ ಮಲಗಿರೋನ ಮುಂದೆ ನಿಂತು 'ನಿಮಗಿಂತ ಚೆನ್ನಾಗಿದೆ' ಅಂತೀಯ, ನಾನ್ ನಂಬ್ದೆ! ನಲವತ್ತು ವರ್ಷದ ಮರ ಕಣೇ ಅದು! ಆ ನರ್ಸರಿ ಗಿಡಾನ ಯಾಕೆ ಬಾಲ್ಕನೀಲಿ ಜೈಲಿಗಾಕಿದೀಯ, ಅದೇನ್ ತಪ್ಪು ಮಾಡಿದೆ?..."

ಬೀದಿಯವರು ಬಂದು ನಿಂತರು. ಸುಗತ ಬಂದ, ಈರೇಶ ಬಂದ. ಮಂಜುಳಮ್ಮ ಗೋಡೆಯ ಮೇಲಿಂದ ಇಣುಕಿ, ಮರೆತ ಅಂಶಗಳನ್ನು ದೊಡ್ಡಪ್ಪನಿಗೆ ನೆನಪಿಸುತ್ತಿದ್ದಳು. ಅವರು ನಿಂತು ಬೈದರು, ಸುಸ್ತಾದ ಮೇಲೆ ಕುರ್ಚಿ ತರಿಸಿ ಕೂತು ಬೈದರು, ನೀರು ಕುಡಿದು ಮತ್ತೆ ಶುರು ಮಾಡಿದರು. ನಾಲ್ಕು ವಾರ ಒಳಗಿಟ್ಟುಕೊಂಡಿದ್ದ ಒಂದೊಂದು ಬೈಗುಳವೂ ಮಾಗಿ ಬಂದಿತ್ತು.

ನಾನು ಅವರ ಕಾಲ ಬಳಿ ನೆಲದ ಮೇಲೇ ಕೂತು, ಕೆನ್ನೆಗೆ ಕೈಕೊಟ್ಟು, ಒಂದೂ ಬಿಡದಂತೆ ಕೇಳಿಸಿಕೊಂಡೆ.